ಹನ್ನೆರಡರಲ್ಲಿ ಒಂದು ಕಂಬ

ಅಪ್ಪಾ,

ನೀನು ಗಾರೆ ಕೆಲಸ ಮಾಡುತ್ತಿದ್ದ ಪೇಟೆ ನಡುವಿನ ಹಳೆಯ ಕಟ್ಟಡವನ್ನು, ನೀನು ತೀರಿಕೊಂಡ ಎರಡು ವರ್ಷಕ್ಕೆ, ಪಾರಂಪರಿಕ ಕಟ್ಟಡವೆಂದು ಘೋಷಿಸಿದ್ದಾರೆ. ಇವತ್ತು ಜನರಿಗೆ ಬಾಗಿಲು ತೆರೆದಿದ್ದರು. ನಾನೂ ಹೋಗಿದ್ದೆ, ಮೊದಲ ಸಲ.

ಹಜಾರದಲ್ಲಿ ನೀಲಿ ಗೆರೆಗಳಿರುವ ಹನ್ನೆರಡು ಅಮೃತಶಿಲೆಯ ಕಂಬಗಳು. ಒಡೆದುಹೋದ ಒಂದರ ಜಾಗದಲ್ಲಿ ಗಾರೆಯಲ್ಲೇ ಅಂಥದ್ದನ್ನು ಮಾಡಿ ನಿಲ್ಲಿಸಿದ್ದೆಯಲ್ಲ? "ಯಾವುದು ಅಂತ ಕಂಡುಹಿಡಿ, ಬಾ ನೋಡೋಣ" ಎಂದು ಊಟಕ್ಕೆ ಕೂತಾಗಲೆಲ್ಲ ನೀನು ಕರೆಯುತ್ತಿದ್ದೆ, ಅದನ್ನು ಮಾಡಿದ ಬಗೆ ಹೇಳುತ್ತಿದ್ದೆ; ನಾನು ತಟ್ಟೆಯಿಂದ ತಲೆಯನ್ನೇ ಎತ್ತುತ್ತಿರಲಿಲ್ಲ. ಇವತ್ತು ನೋಡಿದರೆ ಕಣ್ಣಿಗೆ ಗೊತ್ತೇ ಆಗಲಿಲ್ಲ. ಒಂದೊಂದಕ್ಕೂ ಅಂಗೈ ಒತ್ತುತ್ತಾ ಹೋದೆ. ಹನ್ನೊಂದು ತಣ್ಣಗಿದ್ದವು. ಮೆಟ್ಟಿಲ ಪಕ್ಕದ್ದು ಮಾತ್ರ ಅಷ್ಟು ತಣ್ಣಗಿರಲಿಲ್ಲ.

"ಕಂಬ ಮುಟ್ಬೇಡಿ ರೀ" ಎನ್ನುತ್ತಾ, ಕಟ್ಟಡ ತೋರಿಸುತ್ತಿದ್ದ ಇಂಜಿನಿಯರಮ್ಮ ಬಂದರು.

"ಇದು ಕಲ್ಲಲ್ಲ ಮೇಡಂ. ನಮ್ಮಪ್ಪ ಮಾಡಿದ್ದು."

ಅವರೂ ಮುಟ್ಟಿದರು, ಬೆರಳಲ್ಲಿ ತಟ್ಟಿದರು, ಕಣ್ಣರಳಿಸಿದರು. ಪುಸ್ತಕ ತೆಗೆದು ನಿನ್ನ ಹೆಸರು ಬರೆದುಕೊಂಡರು.

"ಈ ಗೆರೆಗಳನ್ನ ಹೇಗೆ ತಂದ್ರು? ಬಣ್ಣ ಯಾವಾಗ ಕಲಸ್ತಿದ್ರು? ನಿಮಗೆ ಹೇಳಿರ್ಬೇಕಲ್ಲ?"

"ಹೇಳ್ತಿದ್ರು ಮೇಡಂ" ಎಂದೆ.

ಅವರು ಪೆನ್ನು ಹಿಡಿದು ಕಾಯುತ್ತಾ ನಿಂತರು. ನಾನು ಒಂದು ನೀಲಿ ಗೆರೆಯ ಮೇಲೆ ಬೆರಳಿಟ್ಟು ಕಂಬವನ್ನು ಪೂರ್ತಿ ಸುತ್ತಿ ಬಂದೆ. ಗೆರೆ ಎಲ್ಲೂ ತುಂಡಾಗಿರಲಿಲ್ಲ.

ಹೇಗಪ್ಪಾ ಮಾಡಿದೆ?