ನಿಮ್ಮ ಪಿನ್ ಮಾತ್ರ ಬಿಡಿ

ಅಪ್ಪಾ,

ಬೆಳಿಗ್ಗೆ ನಿಮ್ಮ ಮೆಟ್ಟಿಲ ದೀಪದ ಪ್ರೋಗ್ರಾಂ ಮುಚ್ಚಿದ್ರಲ್ಲ, ಅದು ಹೋಗ್ತಾ ನಾವಿಬ್ಬರೂ ಹಂಚಿಕೊಂಡಿರೋ ಪುಟ್ಟ ಕಂಪ್ಯೂಟರ್ ಬೋರ್ಡಿನ, ದೀಪ-ಪಂಪುಗಳ ತಂತಿ ಸಿಕ್ಕಿಸೋ ಎಲ್ಲ ಪಿನ್ನುಗಳನ್ನೂ ಆರಿಸಿ ಹೋಗಿದೆ. ನನ್ನ ಮೀನಿನ ತೊಟ್ಟಿಯ ಗಾಳಿ ಪಂಪೂ ನಿಂತಿತ್ತು! ಹಾಲು ತರೋಕೆ ಹೊರಟ್ರೂ ಮನೆಯ ಮೇನ್ ಸ್ವಿಚ್ ಇಳಿಸೋರು ನೀವು. ಕೋಡಿಗೂ ಅದೇ ಚಾಳಿ ಅಂಟಿಸಿದ್ದೀರಿ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗೆ.

ನಿಮ್ಮ ಕೋಡಿನ ಕೊನೆಯ ಸಾಲು ತಿದ್ದಿದ್ದೀನಿ. ಇನ್ಮೇಲೆ ನಿಮ್ಮ ಪ್ರೋಗ್ರಾಂ ತಾನು ಹಿಡಿದ ಪಿನ್ ಮಾತ್ರ ಆರಿಸಿ ಬಿಟ್ಟುಕೊಡುತ್ತೆ. ದಯವಿಟ್ಟು ಆ ಸಾಲನ್ನ ಮುಟ್ಬೇಡಿ.

ಕೀಂ ಅನ್ನೋ ಬಝರಿನ ಪಿನ್ ಮಾತ್ರ ನಮ್ಮಿಬ್ಬರ ಪ್ರೋಗ್ರಾಮಿಗೂ ಸೇರಿದ್ದು. ಕೊನೆಗೆ ಎದ್ದು ಹೋಗೋ ಪ್ರೋಗ್ರಾಂ ಅದನ್ನ ಆರಿಸುತ್ತೆ.

ಮೇನ್ ಸ್ವಿಚ್ಚಿಗೂ ಟೇಪ್ ಸುತ್ತಿದ್ದೀನಿ.

ಮೀನುಗಳು ನಿಮ್ಮನ್ನ ಆಗಲೇ ಕ್ಷಮಿಸಿವೆ. ಸಂಜೆ ಬಂದಾಗ ಪಂಪು ಗುಳುಗುಳು ಅಂತಿದ್ರೆ ನಾನೂ ಕ್ಷಮಿಸ್ತೀನಿ.

ಮಗಳು