ಹಸಿರು ಶಾಯಿಯ ಅಂಕಿಗಳು

ಅಂಕಿಯಮ್ಮಾ,

ನಿನ್ನನ್ನು ಹೀಗೆ ಕರೆದು ಒಂಬತ್ತು ವರ್ಷವಾಯಿತು. ನಿನ್ನ ವಿಳಾಸ ನನ್ನಲ್ಲಿಲ್ಲ, ಇದ್ದರೂ ಕಳಿಸುವವಳಲ್ಲ. ಇವತ್ತು ನಡೆದದ್ದನ್ನು ಹೇಳಿಬಿಡುತ್ತೇನೆ, ಅಷ್ಟೇ.

ಬೆಳಿಗ್ಗೆ ನನ್ನ ಸಂಶೋಧನಾ ವಿದ್ಯಾರ್ಥಿನಿ ವಿಭಾಗದ ಬೀರುವಿನಿಂದ ನಮ್ಮ ಹಳೆಯ ಪುಸ್ತಕ ತಂದಳು, ಎಲೆಯ ನರಗಳನ್ನು ಎಣಿಸಿ ಬರೆದಿಟ್ಟದ್ದು. ಒಂದೇ ಎಲೆಯನ್ನು ಇಬ್ಬರೂ ಬೇರೆ ಬೇರೆ ಎಣಿಸಬೇಕು, ಒಬ್ಬರ ಅಂಕಿ ಇನ್ನೊಬ್ಬರು ನೋಡಕೂಡದು ಎಂಬ ನಿಯಮ ನಿನ್ನದು. ಸಂಖ್ಯಾಶಾಸ್ತ್ರದವಳಿಗೆ ಸಸ್ಯಶಾಸ್ತ್ರದ ಗೊಡವೆ ಯಾಕೆ ಎಂದು ನಾನು ರೇಗಿಸಿದ್ದಕ್ಕೆ ನೀನು, "ನಿನ್ನ ಕಣ್ಣು ನಂಬ್ತೀನಿ ಕಣೇ, ನಿನ್ನ ಆತುರ ನಂಬಲ್ಲ" ಅಂದಿದ್ದೆ.

"ಮೇಡಂ, ನೀಲಿ ಶಾಯಿ ನಿಮ್ಮದು. ಈ ಹಸಿರು ಯಾರದು?" ಎಂದು ಹುಡುಗಿ ಕೇಳಿದಳು.

"ಸಹಾಯಕ್ಕೆ ಅಂತ ಒಬ್ಬರು ಬರ್ತಿದ್ರು," ಅಂದೆ.

ಹಾಳೆಗೆ ಅಂಟಿಸಿಟ್ಟ ಆ ಎಲೆಗಳನ್ನೆಲ್ಲ ಅವಳು ಮತ್ತೆ ಎಣಿಸಿದ್ದಾಳಂತೆ. ನಮ್ಮಿಬ್ಬರ ಅಂಕಿ ಹೊಂದದ ಕಡೆಯೆಲ್ಲ ಹಸಿರೇ ಸರಿಯಂತೆ. ಹಾಗಾದರೆ ಹಸಿರನ್ನೇ ತಗೊ ಎಂದೆ. ಆ ಪುಸ್ತಕದ ಅಂಕಿಗಳಿಂದ ಆಗ ನಾನು ಪ್ರಕಟಿಸಿದ ಪ್ರಬಂಧದಲ್ಲಿ ನನ್ನೊಬ್ಬಳ ಹೆಸರೇ ಇರುವುದನ್ನು ಅವಳು ಓದಿದ್ದಾಳೆ.

ಪೆನ್ನು ಹಿಡಿದು, "ನನ್ನ ಥೀಸಿಸಿನ ಕೃತಜ್ಞತೆಯಲ್ಲಿ ಅವರ ಹೆಸರು ಹಾಕ್ತೀನಿ ಮೇಡಂ. ಏನಂತ ಬರೀಲಿ?" ಅಂದಳು.

ಕ್ಲಾಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ. ಮೇಲಿನ ಮಹಡಿಯ ಖಾಲಿ ಕೊಠಡಿಯೊಂದರಲ್ಲಿ ಗಂಟೆ ಹೊಡೆಯುವವರೆಗೆ ಕುಳಿತಿದ್ದೆ.

ಇವತ್ತು ಶುಕ್ರವಾರ. ಶುಕ್ರವಾರ ನನಗೆ ಕ್ಲಾಸಿರುವುದಿಲ್ಲವೆಂದೇ ಅಲ್ಲವೇ, ನಾವು ಅವತ್ತು ಎಲೆ ಎಣಿಸುತ್ತಿದ್ದದ್ದು.