ಗೋಮಾಳ ಕಿತ್ತುಕೊಂಡು ಟಿವಿ ಕೊಟ್ಟ ಶಾಸಕರಿಗೆ

ನಮ್ಮ ಓಟಿನಿಂದ ಗೆದ್ದು ಕಲ್ಲಿನ ಕಂಪನಿಗೆ ಶಾಸಕರಾಗಿರುವ ಮಾನ್ಯರೇ,

ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದೂರು ತಿಗನಾರೆಯ ದನಗಳು ಮೇಯುವ ಗೋಮಾಳವನ್ನು ಕಪ್ಪುಕಲ್ಲು ತೆಗೆಯುವ ಕಂಪನಿಗೆ ಕೊಡಿಸಿದ್ದೀರಿ. ಯಾಕೆಂದು ಕೇಳಿದ ನನ್ನ ಅತ್ತೆ ಕುಳ್ಳಮ್ಮನವರ ಮೇಲೆ ಕೇಸು ಹಾಕಿಸಿದ್ದೀರಿ. ಇಷ್ಟೊಂದು ಜನಸೇವೆ ಮಾಡಿದವರಿಗೆ ಒಂದು ಪತ್ರವನ್ನೂ ಬರೆಯದಿದ್ದರೆ ಹೇಗೆ?

ಚುನಾವಣೆಗೆ ನಿಂತಾಗ ನೀವು ನಮ್ಮ ಜಗುಲಿಯ ಮೇಲೆ ಕುಳಿತು ಮಜ್ಜಿಗೆ ಕುಡಿದಿರಿ. ಮನೆಮನೆಗೂ ಬಣ್ಣದ ಟಿವಿ ಪುಕ್ಕಟೆ ಎಂದಿರಿ. ಅತ್ತೆ ಟಿವಿಯ ಮಾತನ್ನೇ ಎತ್ತಲಿಲ್ಲ. "ಯಾರ್ಯಾರೋ ಬಂದು ಗೋಮಾಳ ಅಳತೆ ಮಾಡ್ಕಂಡು ಓಯ್ತಾವ್ರೆ ಸಾಮಿ, ಅದೊಂದು ಉಳಿಸ್ಕೊಡಿ" ಎಂದು ಕೈಮುಗಿದರು. ನೀವು ತಮಿಳು ಬೆರೆತ ಕನ್ನಡದಲ್ಲಿ, "ನಾನಿರೋವರೆಗೂ ಅಲ್ಲಿ ಒಂದು ಹುಲ್ಲುಕಡ್ಡಿ ಯಾರೂ ಮುಟ್ಟಲ್ಲಮ್ಮಾ" ಎಂದಿರಿ. ನಿಮ್ಮ ಹಿಂದೆ ಬಂದಿದ್ದ ಜೀಪುಗಳು ಯಾರವೆಂದು ಆಗ ನಮಗೆ ತಿಳಿಯಲಿಲ್ಲ. ನೀವು ಗೆದ್ದ ಮೇಲೆ ಅವೇ ಜೀಪುಗಳು ಕಂಪನಿಯ ಹೆಸರು ಬರೆಸಿಕೊಂಡು ಗೋಮಾಳಕ್ಕೆ ಬೇಲಿಯ ಕಂಬ ಹೊತ್ತು ತಂದವು!

ದನ ನೀರು ಕುಡಿಯುವ ಕಟ್ಟೆಯೂ ಬೇಲಿಯೊಳಗೆ ಸೇರಿಹೋಯಿತು. ಬೇರೆ ದಾರಿಯಿಲ್ಲದೆ ಕಾಡಂಚಿಗೆ ಹೊಡೆದ ನಮ್ಮ ಗಬ್ಬದ ಹಸುವನ್ನು ಚಿರತೆ ಹಿಡಿಯಿತು. ಅತ್ತೆ ಸತ್ತ ಹಸುವಿನ ಪಕ್ಕದಲ್ಲೇ ಕುಳಿತುಬಿಟ್ಟರು, ಎಷ್ಟು ಕರೆದರೂ ಏಳಲಿಲ್ಲ.

ಅದಾದ ಮರುವಾರ ತಾಳವಾಡಿಯಲ್ಲಿ ನೀವು ಟಿವಿ ಹಂಚುವ ಸಮಾರಂಭ. ನಿಮ್ಮ ಪಕ್ಕದ ಕುರ್ಚಿಯಲ್ಲಿ ಯಾರು? ಕಂಪನಿಯ ಮಾಲೀಕರು! ಹೆಸರು ಕೂಗಿದಾಗ ವೇದಿಕೆ ಹತ್ತಿದ ಅತ್ತೆ ಟಿವಿ ಮುಟ್ಟಲಿಲ್ಲ. ಮೈಕಿನ ಮುಂದೆ ನಿಂತು, "ಟಿವಿ ನೀವೇ ಮಡಿಕಳಿ ಸಾಮಿ, ನಮ್ ಗೋಮಾಳ ಬುಟ್ಬುಡಿ. ಟಿವಿ ತೋರ್ಸುದ್ರೆ ದನುಕ್ಕೆ ಒಟ್ಟೆ ತುಂಬ್ತದಾ?" ಎಂದರು. ಜನ ಚಪ್ಪಾಳೆ ತಟ್ಟಿದರು. ನೀವು ಮೈಕು ಆರಿಸಿ, ಮಾಲೀಕರ ಕಡೆ ತಿರುಗಿ ನಕ್ಕಿರಿ. ಪೊಲೀಸರು ತೋಳು ಹಿಡಿದು ಕೆಳಗಿಳಿಸಿದಾಗ ಅತ್ತೆ ನಡುಗುತ್ತಿದ್ದರು. ನಾನು ಓಡಿಹೋಗಿ ತಬ್ಬಿಕೊಂಡೆ. "ಎದ್ರಿಕೆ ಅಲ್ಲ ಕಣವ್ವ, ಸಿಟ್ಟು" ಎಂದರು. ಸಮಾರಂಭಕ್ಕೆ ಅಡ್ಡಿಪಡಿಸಿದರೆಂದು ಈಗ ಅವರು ಸತ್ಯಮಂಗಲದ ಕೋರ್ಟಿಗೆ ಅಲೆಯಬೇಕಂತೆ.

ಮಾನ್ಯರೇ, ಆ ಟಿವಿ ನಿಮ್ಮ ಸ್ವಂತ ದುಡಿಮೆಯದೇ? ಸರ್ಕಾರದ ದುಡ್ಡಿನಲ್ಲಿ ಕೊಂಡ ಪೆಟ್ಟಿಗೆಯನ್ನು ನಮಗೆ ಕೊಟ್ಟು, ನಮ್ಮ ನೆಲವನ್ನು ಸ್ನೇಹಿತರಿಗೆ ಕೊಡುವ ಈ ಔದಾರ್ಯಕ್ಕೆ ಏನೆಂದು ಹೆಸರಿಡೋಣ? ನಿಮ್ಮ ಭಾಷಣದ ತುಂಬ ಬಡವರೇ ಇರುತ್ತಾರೆ. ನಿಮ್ಮ ಜೀಪಿನಲ್ಲಿ ಮಾತ್ರ ಬೇರೆಯವರು!

ಗೋಮಾಳದ ಗುತ್ತಿಗೆ ರದ್ದಾಗಬೇಕು, ಬೇಲಿ ಕೀಳಬೇಕು, ಅತ್ತೆಯ ಮೇಲಿನ ಕೇಸು ವಾಪಸಾಗಬೇಕು. ಅಲ್ಲಿಯವರೆಗೆ, ಬರುವ ಸೋಮವಾರದಿಂದ, ಊರಿನ ಹೆಂಗಸರೆಲ್ಲ ದನಕರು ಹೊಡೆದುಕೊಂಡು ಹೋಗಿ ಕಂಪನಿಯ ಗೇಟಿನಲ್ಲಿ ಕೂರುತ್ತೇವೆ. ಕಲ್ಲಿನ ಲಾರಿ ಹೋಗುವುದಾದರೆ ನಮ್ಮ ಮೇಲೆಯೇ ಹೋಗಲಿ. ಮುಂದೆ ಕೂರುವವರು ಕುಳ್ಳಮ್ಮನವರೇ.

ಇಂತಿ,
ನಿಮ್ಮ ಮಾತು ನಂಬಿ ತನ್ನ ಮೊದಲ ಓಟನ್ನು ಕಲ್ಲಿನ ಕಂಪನಿಗೆ ಹಾಕಿದ
ಲೋಕೇಶ್ವರಿ, ತಿಗನಾರೆ